ಏರಿಗೊಬ್ಬ ಎಂಜಿನಿಯರ್

ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಕಡಲಿಲ್ಲ. ಕಡಲಿನ ಮಳೆ ಮಾತ್ರ ತಪ್ಪದೆ ಬರುತ್ತದೆ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತು ಎಂದು ರೇಡಿಯೊ ಹೇಳಿತೆಂದರೆ ಹೊಸಕೋಟೆ, ದೇವನಹಳ್ಳಿ ಕಡೆಯ ರೈತ ಮೊದಲು ನೋಡುವುದು ಹೊಲದಲ್ಲಿ ಕೊಯ್ದು ಬಿಟ್ಟ ರಾಗಿಯ ಕಡೆಗೆ. ಜಡಿಮಳೆ ಹಿಡಿದರೆ ತೆನೆ ಅಲ್ಲೇ ಮೊಳೆಯುತ್ತದೆ. ಆತ ಎರಡನೆಯದಾಗಿ ನೋಡಬೇಕಾದದ್ದು ಕೆರೆ ಏರಿಯ ಕಡೆಗೆ. ಅದನ್ನು ನೋಡುವ ಅಭ್ಯಾಸ ಈಚೆಗೆ ತಪ್ಪಿಹೋಗಿದೆ.

2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಮುಟ್ಟಿದ ಫೆಂಗಲ್ ಚಂಡಮಾರುತ ಒಳನಾಡಿಗೆ ನುಗ್ಗಿ ಕೃಷ್ಣಗಿರಿ ಜಿಲ್ಲೆಯ ಊತಂಗರೈಯಲ್ಲಿ ಒಂದೇ ದಿನಕ್ಕೆ 50 ಸೆಂಟಿಮೀಟರ್ ಮಳೆ ಸುರಿಸಿತು. ಕೆರೆ ಉಕ್ಕಿ, ಬಸ್ ನಿಲ್ದಾಣದ ಬಳಿ ನಿಲ್ಲಿಸಿದ್ದ ವ್ಯಾನುಗಳು ಒಂದರ ಹಿಂದೊಂದು ಉರುಳಿ ಹೋದ ವಿಡಿಯೊವನ್ನು ನಮ್ಮಲ್ಲಿ ಅನೇಕರು ಮೊಬೈಲಿನಲ್ಲಿ ನೋಡಿ ಮುಂದಿನದಕ್ಕೆ ಸರಿಸಿದೆವು. ಆದರೆ ಕೃಷ್ಣಗಿರಿ ನಮಗೆ ಅಂಥ ಪರನಾಡೇನಲ್ಲ. ನಂದಿಬೆಟ್ಟದ ಬಳಿ ಹುಟ್ಟಿ ದೇವನಹಳ್ಳಿ, ಹೊಸಕೋಟೆ ಬದಿಯಲ್ಲಿ ಹಾಯುವ ದಕ್ಷಿಣ ಪಿನಾಕಿನಿ ಇಳಿದು ಹೋಗುವುದು ಅದೇ ಜಿಲ್ಲೆಯ ಮೇಲೆ. ಆ ಮೋಡ ನೂರು ಚಿಲ್ಲರೆ ಕಿಲೋಮೀಟರ್ ವಾಯವ್ಯಕ್ಕೆ ಸರಿದು ಸುರಿದಿದ್ದರೆ ನಮ್ಮ ಕೆರೆಗಳು ತಾಳುತ್ತಿದ್ದವೇ?

ಯಾವುದಾದರೂ ಹಳೆಯ ಕೆರೆಯ ಏರಿ ಹತ್ತಿ ನಡೆದರೆ ಉತ್ತರದ ಅರ್ಧ ಸಿಗುತ್ತದೆ. ಮೇಲೆ ಡಾಂಬರು ರಸ್ತೆ. ನೀರಿನ ಬದಿಯಲ್ಲಿ ಸರಿದು ಕೂತ ಕಲ್ಲುಗಳ ಸಂದಿನಿಂದ ಎದ್ದ ಸೀಮೆಜಾಲಿ. ಹಿಂಬದಿಯಲ್ಲಿ ಲಂಟಾನ, ಹುತ್ತ, ಹೆಗ್ಗಣದ ಬಿಲ. ಕೋಡಿಯ ಬಾಯಲ್ಲಿ ಯಾರೋ ರಾತ್ರಿ ಸುರಿದು ಹೋದ ಕಟ್ಟಡದ ಕಸ. ತೂಬಿನ ಕಲ್ಲುಕಂಬ ನೆಟ್ಟಗೆ ನಿಂತಿದೆ, ಅದರ ಬಿರಡೆ ಎತ್ತಲು ಬರುವವರಿಲ್ಲ.

ಮರಳಿನ ಏರಿ

ಕರಾವಳಿಯಲ್ಲಿ ಈ ಏರಿಯ ಕೆಲಸವನ್ನು ಮರಳಿನ ದಿಬ್ಬ ಮಾಡುತ್ತದೆ. ಅಲೆ ತಂದು ಗಾಳಿ ಪೇರಿಸಿ ಬಳ್ಳಿ ಹಿಡಿದಿಟ್ಟ ಮರಳು ಅದು. ಬಿರುಗಾಳಿ ಬಂದಾಗ ಅಲೆಗೆ ತನ್ನ ಮೈಯ ಒಂದು ಪಾಲು ಕೊಟ್ಟು ಹಿಂದಿನ ಮನೆ, ತೋಟ ಉಳಿಸುತ್ತದೆ. ಮರಳಿನ ಹರಿವಿಗೆ ಅಡ್ಡ ಬಂದರೆ ಏನಾಗುತ್ತದೆ ಎಂಬುದಕ್ಕೆ ಉಳ್ಳಾಲಕ್ಕಿಂತ ಬೇರೆ ಪಾಠ ಬೇಡ. 1990ರ ದಶಕದಲ್ಲಿ ನೇತ್ರಾವತಿ ಅಳಿವೆಯ ಬಾಯಿಗೆ ತಡೆಗೋಡೆಗಳು ಬಂದ ಮೇಲೆ ತೆಂಕಣ ದಂಡೆಯನ್ನು ಕಡಲು ಕಡಿಯುವುದು ಹೆಚ್ಚಿತು. 2010ರಲ್ಲಿ ಮಂಜೂರಾದ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಯಲ್ಲಿ ಎಂಜಿನಿಯರುಗಳು ಅಲ್ಲಿ ನೀರೊಳಗೆ ದಿಣ್ಣೆ ಕಟ್ಟಿ ಅಲೆಯ ಕಸುವನ್ನು ದೂರದಲ್ಲೇ ಮುರಿಯಲು ನೋಡಿದರು. ಆ ಮೇಲೂ 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಸೋಮೇಶ್ವರ, ಉಚ್ಚಿಲದ ಜನ ಕಡಲಿನ ರುಚಿ ನೋಡಿದರು.

ಇನ್ನೊಂದು ಪ್ರಸಂಗ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸಾಲ್ಸ್‌ಬರಿಯದು. 2024ರ ಆರಂಭದ ಬಿರುಗಾಳಿಗಳಿಗೆ ಮನೆಮುಂದಿನ ದಿಬ್ಬ ಕರಗಿದಾಗ ಅಲ್ಲಿಯ ನಿವಾಸಿಗಳು ಸರ್ಕಾರವನ್ನು ಕಾಯದೆ ತಾವೇ ವಂತಿಗೆ ಹಾಕಿ, ಸುಮಾರು 6 ಲಕ್ಷ ಡಾಲರ್ ಕೂಡಿಸಿ, 14 ಸಾವಿರ ಟನ್ನಿನಷ್ಟು ಮರಳು ತರಿಸಿ ಹೊಸ ದಿಬ್ಬ ಕಟ್ಟಿಸಿದರು. ಮಾರ್ಚ್‌ನಲ್ಲಿ ಕೆಲಸ ಮುಗಿದ ಮೂರೇ ದಿನಕ್ಕೆ ಮತ್ತೊಂದು ಬಿರುಗಾಳಿ ಅದರ ದೊಡ್ಡ ಪಾಲನ್ನು ಹೊತ್ತೊಯ್ದಿತು. ಊರೂರು ನಕ್ಕಿತು. ದುಡ್ಡು ಕೊಟ್ಟವರು ಮಾತ್ರ ದಿಬ್ಬ ತನ್ನ ಕೆಲಸ ಮಾಡಿತು, ಮನೆಗಳು ಉಳಿದವು ಎಂದರು. ನನಗೆ ಅವರ ವಾದದಲ್ಲಿ ಹುರುಳಿದೆ ಅನ್ನಿಸುತ್ತದೆ. ಬಲಿಯಾಗಲೆಂದೇ ಕಟ್ಟಿದ್ದು ಬಲಿಯಾಯಿತು. ಅವರಿಗೆ ಉಳಿದ ತೊಡಕು, ಮುಂದಿನ ವರ್ಷ ಮತ್ತೆ ಯಾರು ಕಟ್ಟಿಸಬೇಕು ಎಂಬುದು.

ನಮ್ಮ ಕೆರೆಯದೂ ಅದೇ ತೊಡಕು. ಏರಿ ಒಡೆದ ದಿನ ಎಂಜಿನಿಯರು, ತಹಶೀಲ್ದಾರರು, ಶಾಸಕರು ಎಲ್ಲರೂ ಬರುತ್ತಾರೆ, ಮರಳು ಮೂಟೆಯೂ ಬರುತ್ತದೆ. ಒಡೆಯದ ಹತ್ತು ವರ್ಷಗಳಲ್ಲಿ ಏರಿಯನ್ನು ನೋಡಿಕೊಳ್ಳುವವನಿಗೆ ಯಾರು ಕೂಲಿ ಕೊಡಬೇಕು? ಈ ಸೀಮೆಯ ಹಳಬರು ಇದಕ್ಕೊಂದು ಉತ್ತರ ಕಂಡುಕೊಂಡಿದ್ದರು.

ನೆಲ ಪಡೆದ ಕೆಲಸಗಾರ

ಇಂದು ಬೆಂಗಳೂರಿನ ಹೊರವರ್ತುಲ ರಸ್ತೆಗೆ ತಾಗಿರುವ ಅಗರದಲ್ಲಿ ಕ್ರಿ.ಶ. 870ರ ಸುಮಾರಿನ ಒಂದು ಶಾಸನ ಸಿಕ್ಕಿದೆ. ಗಂಗರ ಕಾಲದ್ದು. ಇರುಗಮಯ್ಯ ಎಂಬಾತ ಎರಡು ಕೆರೆಗಳಿಗೆ ತೂಬು ಇಡಿಸಿ ಮೂರನೆಯ ಕೆರೆ ಕಟ್ಟಿಸಿದ್ದಕ್ಕೆ ಬಿತ್ತುವಟ್ಟ ಪಡೆದ ಸಂಗತಿ ಅದರಲ್ಲಿದೆ. ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆ ಇವೆಲ್ಲ ಕೆರೆ ಕಟ್ಟಿದವರಿಗೆ, ಕಾಯುವವರಿಗೆ ಬಿಡುತ್ತಿದ್ದ ನೆಲ ಅಥವಾ ಅದರ ಉತ್ಪತ್ತಿಯ ಪಾಲು. ಹೂಳು ಹೊರುವ ಬಂಡಿಗಳ ಖರ್ಚಿಗೂ ದತ್ತಿ ಬಿಟ್ಟ ಶಾಸನಗಳು ಕನ್ನಡ ನಾಡಿನಲ್ಲಿವೆ. ಇಲ್ಲಿಯ ಜಾಣತನ ದಾನದಲ್ಲಿಲ್ಲ, ನೆಲ ಎಲ್ಲಿತ್ತು ಎಂಬುದರಲ್ಲಿದೆ. ಬಿಟ್ಟ ಗದ್ದೆ ಸಾಮಾನ್ಯವಾಗಿ ಅದೇ ಕೆರೆಯ ಅಚ್ಚುಕಟ್ಟಿನಲ್ಲಿರುತ್ತಿತ್ತು. ಕೆರೆ ಒಡೆದರೆ ಮೊದಲು ಮುಳುಗುವುದು, ಕೆರೆ ಬತ್ತಿದರೆ ಮೊದಲು ಒಣಗುವುದು ಕಾವಲುಗಾರನದೇ ಗದ್ದೆ.

ನೀರಿನ ವಿದ್ಯೆ ಬಲ್ಲವರನ್ನು ಹೆಸರಿಟ್ಟು ಕರೆಸಿಕೊಂಡ ದಾಖಲೆಯೂ ಉಂಟು. 1388ರಲ್ಲಿ ಪೆನುಗೊಂಡೆಯಲ್ಲಿದ್ದ ವಿಜಯನಗರದ ರಾಜಕುಮಾರ ಪ್ರತಾಪ ಬುಕ್ಕರಾಯ, ಹೆನ್ನೆ ನದಿ ಎಂದರೆ ಇದೇ ನಂದಿಯ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿಯನ್ನು ಪಟ್ಟಣಕ್ಕೆ ತರಲು ಜಲಸೂತ್ರ ಬಲ್ಲ ಸಿಂಗಾಯ ಭಟ್ಟನಿಗೆ ಆಣತಿಯಿತ್ತ. ಭಟ್ಟ ಸಿರುವೇರ ಕೆರೆಗೆ ಕಾಲುವೆ ತೆಗೆದು, ಅದಕ್ಕೆ ಒಡೆಯನ ಹೆಸರಿಟ್ಟು, ಶಾಸನ ಬರೆಸಿದ. ಹತ್ತು ವಿದ್ಯೆಗಳ ಚಕ್ರವರ್ತಿ ಎಂದು ಅಲ್ಲಿ ಅವನಿಗೆ ಬಿರುದು. ಇಂದಿನ ಗುತ್ತಿಗೆ ಫಲಕಗಳಲ್ಲಿ ಶಾಸಕರ ಭಾವಚಿತ್ರವಿರುತ್ತದೆ, ಎಂಜಿನಿಯರನ ಹೆಸರು ಹುಡುಕಬೇಕು.

ಅದಕ್ಕೂ ಮೊದಲು, 1369ರಲ್ಲಿ, ಕಡಪದ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ ಶಾಸನವಂತೂ ಒಂದು ಕೈಪಿಡಿಯೇ. ದಿನಕ್ಕೆ 1,000 ಆಳು, ಕಲ್ಲು ಹೊರಲು 100 ಬಂಡಿ, 2 ವರ್ಷದ ಕೆಲಸ. ಕೆರೆಗೆ ಬೇಕಾದ 12 ಅಂಗಗಳಲ್ಲಿ ಜಲಶಾಸ್ತ್ರ ಬಲ್ಲ ಬ್ರಾಹ್ಮಣ, ನುರಿತ ಕೆಲಸಗಾರರು ಇಬ್ಬರೂ ಸೇರಿದ್ದಾರೆ. ಕೆರೆಯ 6 ದೋಷಗಳನ್ನೂ ಪಟ್ಟಿ ಮಾಡಿದೆ. ಏರಿ ಜಿನುಗುವುದು ಅವುಗಳಲ್ಲೊಂದು. ಎರಡು ರಾಜ್ಯಗಳ ಗಡಿಯಲ್ಲಿರುವುದು ಇನ್ನೊಂದು. ಈ ಎರಡನೆಯ ದೋಷವನ್ನು ಓದಿದಾಗ ಇಂದಿನ ನಮ್ಮ ಕೆರೆಗಳೇ ಕಣ್ಣಿಗೆ ಕಟ್ಟುತ್ತವೆ. ನೆಲ ಕಂದಾಯ ಇಲಾಖೆಯದು. 40 ಹೆಕ್ಟೇರಿಗೆ ಮೇಲ್ಪಟ್ಟು ಅಚ್ಚುಕಟ್ಟಿದ್ದರೆ ಏರಿ ಸಣ್ಣ ನೀರಾವರಿ ಇಲಾಖೆಯದು, ಕಡಿಮೆಯಿದ್ದರೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು. ಮೀನು ಒಬ್ಬರದು, ಏರಿಯ ಮೇಲಿನ ಮರ ಇನ್ನೊಬ್ಬರದು, ರಸ್ತೆ ಮತ್ತೊಬ್ಬರದು. ಇಷ್ಟು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟುವುದನ್ನು ವಿಜಯನಗರದವರು ಊಹಿಸಿರಲಾರರು.

ಹೊಸಕೋಟೆಯ ದೊಡ್ಡಕೆರೆಯನ್ನೇ ನೋಡಿ. 16ನೇ ಶತಮಾನದ ಕೊನೆಗೆ ಸುಗಟೂರಿನ ತಮ್ಮೇಗೌಡ ಕಟ್ಟಿಸಿದ ಹೊಸ ಕೋಟೆಯ ಊರು ಇದು. ಕೆರೆಯ ಏರಿ 2 ಮೈಲಿ ಉದ್ದ, ತುಂಬಿದರೆ ನೀರಿನ ಸುತ್ತಳತೆ 10 ಮೈಲಿಗೆ ಕಡಿಮೆಯಿಲ್ಲ ಎಂದು ಬಿ.ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ಬರೆದಿದ್ದಾರೆ. 1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಸ್ಯಾಂಕಿ (ಸ್ಯಾಂಕಿ ಕೆರೆಯ ಅದೇ ಸ್ಯಾಂಕಿ) ಲೆಕ್ಕ ಹಾಕಿದಾಗ ಸಂಸ್ಥಾನದ 27,269 ಚದರ ಮೈಲಿಯಲ್ಲಿ ನೂರಕ್ಕೆ ಸುಮಾರು 60 ಪಾಲು ಈಗಾಗಲೇ ಕೆರೆಗಳ ಹಿಡಿತಕ್ಕೆ ಬಂದಿತ್ತು. ಹೊಸ ಕೆರೆಗೆ ಜಾಗ ಹುಡುಕಲು ಬಂದ ಎಂಜಿನಿಯರುಗಳಿಗೆ ಉಳಿದದ್ದು ಹಳೆಯ ಏರಿಗಳ ದುರಸ್ತಿ. ಮಣ್ಣಿನ ಕೆಲಸ ರೈತರದು, ಕಲ್ಲು, ತೂಬು, ಕೋಡಿಯ ಕೆಲಸ ಸರ್ಕಾರದ್ದು ಎಂಬ ಹಂಚಿಕೆ ಚಾಲ್ತಿಗೆ ಬಂತು. 1911ರಲ್ಲಿ ಕೆರೆ ಪಂಚಾಯತಿಗಳ ಕಾನೂನೂ ಆಯಿತು.

ಆ ಕಾಲವನ್ನು ಹೊಗಳುತ್ತ ಕೂರುವುದು ನನ್ನ ಉದ್ದೇಶವಲ್ಲ. ಸರದಿಯಂತೆ ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಿದ್ದ ನೀರುಗಂಟಿ ಬಹಳ ಊರುಗಳಲ್ಲಿ ದಲಿತ. ಏರಿಗೆ ಮಣ್ಣು ಹೊತ್ತು ಕಲ್ಲು ಕಟ್ಟಿದವರು ಭೋವಿಗಳು. ನಡುರಾತ್ರಿ ಮಳೆಯಲ್ಲಿ ಏರಿ ಸುತ್ತಿ ಬರಬೇಕಾದವನಿಗೆ ಊರಿನ ಪಂಕ್ತಿಯಲ್ಲಿ ಜಾಗವಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತೋಟಿ, ತಳವಾರರ ಜೊತೆ ನೀರುಗಂಟಿಯನ್ನೂ ವಂಶಪಾರಂಪರ್ಯದ ಚಾಕರಿಯಿಂದ ಬಿಡಿಸಿತು. ಅದು ಆಗಬೇಕಾಗಿದ್ದದ್ದೇ. ಆದರೆ ಚಾಕರಿ ಹೋದಮೇಲೆ ಆ ಕೆಲಸಕ್ಕೆ ಸಂಬಳದ ಮನುಷ್ಯನನ್ನು ಯಾರೂ ನೇಮಿಸಲಿಲ್ಲ. ಅನ್ಯಾಯ ತೊಲಗಿದ ಜಾಗದಲ್ಲಿ ಒಂದು ಹುದ್ದೆ ಹುಟ್ಟಬೇಕಿತ್ತು, ಹುಟ್ಟಲಿಲ್ಲ.

ಏರಿ ಒಡೆಯುವ ಬಗೆ

ಮಳೆಗೆ ಏರಿ ಒಡೆಯಿತು ಎಂದು ಪತ್ರಿಕೆಗಳು ಬರೆಯುತ್ತವೆ. ಮಳೆ ಕೊನೆಯ ಏಟು ಕೊಡುತ್ತದೆ ಅಷ್ಟೆ.

ಮಣ್ಣಿನ ಏರಿಗೆ ಎರಡು ದೊಡ್ಡ ಸಾವುಗಳಿವೆ. ಒಂದು, ನೀರು ತಲೆಯ ಮೇಲೆ ಹಾಯುವುದು. ಕಲ್ಲಿನ ಅಣೆಕಟ್ಟು ತನ್ನ ಮೇಲೆ ನೀರು ಹರಿದರೂ ತಡೆದುಕೊಳ್ಳಬಲ್ಲದು, ಮಣ್ಣಿನದು ತಡೆಯದು. ಹಿಂಬದಿಯ ಇಳಿಜಾರಿನಲ್ಲಿ ಮೊದಲ ಕೊರಕಲು ಬಿತ್ತೆಂದರೆ ಅದು ಗಂಟೆಗಳಲ್ಲಿ ಏರಿಯ ನಡುವಿಗೆ ತಲುಪುತ್ತದೆ. ಹೀಗಾಗದಿರಲೆಂದೇ ಏರಿಯ ನೆತ್ತಿಗಿಂತ ಕೆಳಗೆ ಕೋಡಿ ಇರುವುದು. ಆ ಕೋಡಿಯ ಅಗಲವನ್ನು ಹಿಂದಿನವರು ಅಳೆದದ್ದು ಹೊಲ, ಗೋಮಾಳ, ಕುರುಚಲು ಕಾಡಿನಿಂದ ಇಳಿದು ಬರುವ ನೀರಿಗೆ. ಮಳೆಯ ದೊಡ್ಡ ಪಾಲನ್ನು ಆ ನೆಲವೇ ಕುಡಿಯುತ್ತಿತ್ತು. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ದೇವನಹಳ್ಳಿಯ ಸುತ್ತ ಲೇಔಟು, ಗೋದಾಮು, ರಸ್ತೆ ಎದ್ದ ಕಡೆಯೆಲ್ಲ ಮಳೆ ಈಗ ಕಾಂಕ್ರೀಟಿನ ಮೇಲೆ ಬೀಳುತ್ತದೆ. ದಿನವಿಡೀ ನಿಧಾನವಾಗಿ ಬರುತ್ತಿದ್ದ ನೀರು ಒಂದೆರಡು ಗಂಟೆಯಲ್ಲಿ ಒಟ್ಟಿಗೆ ಬರುತ್ತದೆ. ಕೋಡಿ ಮಾತ್ರ ಅಷ್ಟೇ ಅಗಲ, ಕೆಲವೆಡೆ ಅದಕ್ಕಿಂತ ಕಿರಿದು. ಇನ್ನಷ್ಟು ನೀರು ನಿಲ್ಲಲಿ ಎಂದು ಕೋಡಿಗೆ ಮರಳು ಮೂಟೆ ಅಡ್ಡ ಇಡುವವರೂ ಇದ್ದಾರೆ. ಮೀನು ಕೊಚ್ಚಿಹೋಗದಿರಲೆಂದು ಬಲೆ ಕಟ್ಟುವವರಿದ್ದಾರೆ. ಬಲೆಗೆ ಕಸ ಸಿಕ್ಕಿಕೊಂಡರೆ ಅದೇ ಗೋಡೆಯಾಗುತ್ತದೆ.

ಎರಡನೆಯ ಸಾವು ಒಳಗಿನದು. ಯಾವ ಮಣ್ಣಿನ ಏರಿಯೂ ಸ್ವಲ್ಪ ಜಿನುಗುತ್ತದೆ. ಹಿಂಬದಿಯ ಬುಡದಲ್ಲಿ ತಿಳಿನೀರು ಒಸರಿದರೆ ಹೆದರಬೇಕಿಲ್ಲ, ನೀರು ಕೆಂಪಾಗಿ ಬಂದರೆ ನಿದ್ದೆ ಬಿಡಬೇಕು. ಕೆಂಪು ಎಂದರೆ ಏರಿಯ ಹೊಟ್ಟೆಯ ಮಣ್ಣು ನೀರಿನ ಜೊತೆ ಹೊರಬೀಳುತ್ತಿದೆ, ಒಳಗೆ ಸುರಂಗ ಬೆಳೆಯುತ್ತಿದೆ ಎಂದರ್ಥ. ಸುರಂಗಕ್ಕೆ ದಾರಿ ತೋರಿಸುವವರು ಏಡಿ, ಹೆಗ್ಗಣ, ಗೆದ್ದಲು, ಸತ್ತ ಮರದ ಬೇರು. ಏರಿಯ ಮೇಲೆ ಜಾಲಿ ಬೆಳೆದಾಗ ಬೇರು ಮಣ್ಣನ್ನು ಹಿಡಿದಿಟ್ಟಂತೆ ಕಾಣುತ್ತದೆ. ಮರ ಸತ್ತು ಬೇರು ಕೊಳೆತ ಮೇಲೆ ಅಲ್ಲಿ ಉಳಿಯುವುದು ಒಂದು ಕೊಳವೆ. ನರೇಗಾದಲ್ಲಿ ಏರಿಯ ಗಿಡಗಂಟಿ ತೆಗೆಸುವ ಕೆಲಸ ಧಾರಾಳವಾಗಿ ನಡೆದಿದೆ. ಕಡಿದ ಬುಡವನ್ನು ಕಿತ್ತು, ಆ ಗುಂಡಿಗೆ ಹದವಾದ ಮಣ್ಣು ತುಂಬಿ ಗುದ್ದಿಸದಿದ್ದರೆ ಆ ಶುಚಿಯ ಕೆಲಸವೇ ಮುಂದಿನ ಸೋರಿಕೆಗೆ ಬೀಜ.

ಹೂಳೆತ್ತುವುದರಲ್ಲೂ ಇಂಥದೇ ಒಂದು ಮೋಸ ಅಡಗಿದೆ. ಕೆರೆ ಎಂದರೆ ಹೂಳೆತ್ತುವುದು ಎಂದೇ ನಾವೆಲ್ಲ ತಿಳಿದಿದ್ದೇವೆ. ಹಿಟಾಚಿ ಕೆರೆಗಿಳಿದರೆ ಊರಿಗೆ ಸಂಭ್ರಮ, ಗೋಡು ಮಣ್ಣಿಗೆ ಟ್ರ್ಯಾಕ್ಟರು ಸಾಲುಗಟ್ಟುತ್ತವೆ. ಆದರೆ ಏರಿಯ ಒಳಪಾದದಲ್ಲಿ ಶತಮಾನಗಳಿಂದ ಕೂತ ನುಣ್ಣನೆ ಜೇಡಿ ಏರಿಗೆ ಹೊದಿಕೆಯಿದ್ದ ಹಾಗೆ, ಅದು ನೀರನ್ನು ಬುಡದಿಂದ ಆಚೆ ಇಳಿಯಗೊಡುವುದಿಲ್ಲ. ಯಂತ್ರದವನು ಆಳವಾಗಲಿ ಎಂದು ಏರಿಯ ಹತ್ತಿರಕ್ಕೇ ಬಂದು ಅದನ್ನು ಬಗೆದರೆ, ಚೆನ್ನಾಗಿದ್ದ ಕೆರೆ ಮುಂದಿನ ವರ್ಷ ಸೋರುತ್ತದೆ. ಏರಿಯಿಂದ ದೂರ ಬಿಟ್ಟು ಅಗೆಯಬೇಕು ಎಂದು ಅವನಿಗೆ ಹೇಳಲು ಸ್ಥಳದಲ್ಲಿ ಒಬ್ಬ ಬೇಕು. ಬಾಡಿಗೆ ಗಂಟೆಯ ಲೆಕ್ಕದಲ್ಲಿ ಓಡುತ್ತಿರುವಾಗ ಆ ಒಬ್ಬ ಅಲ್ಲಿರುವುದಿಲ್ಲ.

ಮಳೆಯಿಲ್ಲದೆಯೂ ಏರಿ ಒಡೆಯುತ್ತದೆ. 2019ರ ನವೆಂಬರ್ 24ರಂದು ಬೆಂಗಳೂರಿನ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಏರಿಯ ಬಳಿ ಯಂತ್ರದಿಂದ ಅಗೆದದ್ದೇ ಕಾರಣ ಎಂದು ವರದಿಯಾಯಿತು.

ಇನ್ನೂ ದೊಡ್ಡ ಭಯ ಸರಪಳಿಯದು. ಅರ್ಕಾವತಿಯ ಮೇಲೆ ದೊಡ್ಡಬಳ್ಳಾಪುರದ ನಾಗರಕೆರೆ, ಚಿಕ್ಕತುಮಕೂರು, ದೊಡ್ಡತುಮಕೂರು, ಕಾಕೋಳು, ಕೊನೆಗೆ 1894ರಲ್ಲಿ ಕಟ್ಟಿದ ಹೆಸರಘಟ್ಟ ಕೆರೆ. ಒಂದರ ಕೋಡಿ ಇನ್ನೊಂದರ ಒಡಲಿಗೆ. ಮೇಲಿನದು ಒಡೆದರೆ ಕೆಳಗಿನ ಕೋಡಿ ತನ್ನ ಮಳೆಯ ಜೊತೆ ಮೇಲಿನವರ ಕೆರೆಯನ್ನೂ ಹೊರಬೇಕು. 1903ರ ನವೆಂಬರಿನ ಬಿರುಮಳೆಗೆ ಕೋಲಾರ ಸೀಮೆಯ ಕೆರೆಗಳು ಹೀಗೆ ಸಾಲಾಗಿ ಒಡೆದು ಪಾಲಾರ್ ಉಕ್ಕಿ, ಕೆಳಗಿನ ವಾಣಿಯಂಬಾಡಿಯಲ್ಲಿ ಸುಮಾರು 200 ಜನ ಸತ್ತರು. ಆದ್ದರಿಂದ ನಮ್ಮೂರ ಏರಿ ನಮ್ಮೂರ ವಿಷಯ ಮಾತ್ರ ಆಗಿರುವುದಿಲ್ಲ. ಹಾಗಿದ್ದೂ 2021ರಲ್ಲಿ ಸಂಸತ್ತು ಒಪ್ಪಿದ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದವನ್ನು, ಕೆಲವು ಷರತ್ತುಗಳಿಗೆ ಒಳಪಟ್ಟರೆ 10 ಮೀಟರಿಗೆ ಮೇಲ್ಪಟ್ಟವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಊರ ಕೆರೆಗಳ ಏರಿ ಬಹುತೇಕ ಆ ಅಳತೆಗೆ ಸಿಗುವುದಿಲ್ಲ.

ದುರಸ್ತಿಯ ವಿದ್ಯೆ

ಒಡೆದ ಏರಿಯನ್ನು ಮುಚ್ಚುವುದು ಸುಲಭ, ಕಟ್ಟುವುದು ಕಷ್ಟ. ಬಾಯ್ದೆರೆದ ಜಾಗಕ್ಕೆ ಟಿಪ್ಪರಿನಿಂದ ಮಣ್ಣು ಸುರಿದು ಮೇಲೆ ಜೆಸಿಬಿ ಓಡಿಸಿದರೆ ಬೇಸಿಗೆಯಲ್ಲಿ ನೋಡಲು ಏರಿಯಂತೆಯೇ ಇರುತ್ತದೆ. ಹೊಸ ಮಣ್ಣಿಗೂ ಹಳೆ ಮಣ್ಣಿಗೂ ನಡುವೆ ಉಳಿದ ಕೂಡುಗೆರೆಯಲ್ಲೇ ಮುಂದಿನ ನೀರು ದಾರಿ ಹುಡುಕುತ್ತದೆ. ಸರಿಯಾದ ಕೆಲಸ ಹೀಗೆ: ಒಡೆದ ಎರಡೂ ತುದಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಕತ್ತರಿಸಬೇಕು, ಹಳೆಯದಕ್ಕೆ ಹೊಸದು ಹಲ್ಲು ಕಚ್ಚುವ ಹಾಗೆ. ಬುಡದಲ್ಲಿ ಗಟ್ಟಿ ನೆಲ ಸಿಗುವ ತನಕ ಕಂದಕ ತೆಗೆದು ಜೇಡಿ ತುಂಬಬೇಕು. ಮಣ್ಣನ್ನು ಅರ್ಧ ಅಡಿಗೊಂದು ಪದರದಂತೆ ಹಾಸಿ, ನೀರು ಚಿಮುಕಿಸಿ, ಗುದ್ದಬೇಕು. ಮಣ್ಣಿನ ಹದವೇ ಮುಖ್ಯ. ಒಣಗಿದ್ದರೆ ಕೂರುವುದಿಲ್ಲ, ಒದ್ದೆಯಾದರೆ ಜಾರುತ್ತದೆ. ಲಾಸ್ ಏಂಜಲೀಸಿನ ಎಂಜಿನಿಯರ್ ರಾಲ್ಫ್ ಪ್ರಾಕ್ಟರ್ 1933ರಲ್ಲಿ ಈ ಹದವನ್ನು ಅಳೆಯುವ ಪರೀಕ್ಷೆ ಕೊಟ್ಟ. ಅದಕ್ಕೂ ಮೊದಲು ಭೋವಿಗಳು ಅದನ್ನು ಮುಷ್ಟಿಯಲ್ಲಿ ಉಂಡೆ ಹಿಡಿದು ಬಲ್ಲವರಾಗಿದ್ದರು, ಗುದ್ದಲು ದನ, ಕುರಿ ಮಂದೆ ಓಡಿಸುತ್ತಿದ್ದರು. ಇಂದಿನ ಕುರಿಪಾದದ ರೋಲರ್ ಅದೇ ಕೆಲಸ ಮಾಡುತ್ತದೆ. ನರೇಗಾದಲ್ಲಿ ಯಂತ್ರ, ಗುತ್ತಿಗೆದಾರ ಎರಡಕ್ಕೂ ನಿರ್ಬಂಧವಿದ್ದುದರಿಂದ ಆ ರೋಲರ್ ಬರಲಿಲ್ಲ. ಟೆಂಡರಿನಲ್ಲಿ ಯಂತ್ರ ಬರುತ್ತದೆ, ಆದರೆ ಪದರದ ಲೆಕ್ಕ ಹಿಡಿದು ಪಕ್ಕದಲ್ಲಿ ನಿಲ್ಲುವವರು ಇರಬೇಕಲ್ಲ.

ಮಳೆ ನಡುವೆಯೇ ಏರಿ ಕೆಂಪುನೀರು ಕಾರತೊಡಗಿದರೆ? ನಮ್ಮ ಮೊದಲ ಬುದ್ಧಿ ಆ ಬಾಯನ್ನು ಮಣ್ಣಿನಿಂದ ಮುಚ್ಚುವುದು. ಅದು ತಪ್ಪು, ನೀರು ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ. ಮೊದಲು ಮರಳು, ಆಮೇಲೆ ಸಣ್ಣ ಜಲ್ಲಿ, ಮೇಲೆ ದಪ್ಪ ಜಲ್ಲಿ ಹರಡಿ ನೀರನ್ನು ಹೊರಬಿಟ್ಟು ಮಣ್ಣನ್ನು ತಡೆಯಬೇಕು. ಸುತ್ತ ಮರಳು ಮೂಟೆಯ ಉಂಗುರ ಕಟ್ಟಿ ನೀರನ್ನು ಸ್ವಲ್ಪ ಎತ್ತರಕ್ಕೆ ನಿಲ್ಲಿಸಿದರೆ ಒತ್ತಡ ಇಳಿಯುತ್ತದೆ. ಏರಿಯ ಬುಡದಲ್ಲಿ ಎರಡು ಲೋಡು ಮರಳು, ಎರಡು ಲೋಡು ಜಲ್ಲಿ ಮಳೆಗಾಲಕ್ಕೆ ಮುಂಚೆ ಬಿದ್ದಿದ್ದರೆ ಊರಿನ ಹುಡುಗರೇ ಇದನ್ನು ಮಾಡಬಲ್ಲರು. ಒಮ್ಮೆ ಯಾರಾದರೂ ಹೇಳಿಕೊಟ್ಟಿರಬೇಕು, ಅಷ್ಟೆ.

ನೀರು ಬಂತು, ಕಾಯುವವ ಬರಲಿಲ್ಲ

ಜಿಲ್ಲೆಯ ನಾಲ್ಕೂ ತಾಲ್ಲೂಕುಗಳು ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿವೆ. ಬೋರ್‌ವೆಲ್ ಬಂದ ದಿನದಿಂದ ಅಚ್ಚುಕಟ್ಟಿನ ರೈತನಿಗೆ ತೂಬಿನ ಹಂಗು ತಪ್ಪಿತು, ಏರಿಯ ಮೇಲಿನ ಕಣ್ಣೂ ತಪ್ಪಿತು. ಕೆರೆಗಳು ವರ್ಷಗಟ್ಟಲೆ ಒಣಗಿದವು. ಅರ್ಕಾವತಿ ಏಕೆ ಬತ್ತಿತು ಎಂದು 2015ರಲ್ಲಿ ವೀಣಾ ಶ್ರೀನಿವಾಸನ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನ ಮಳೆಯ ಕೊರತೆಯನ್ನು ದೂರಲಿಲ್ಲ. ಅಂತರ್ಜಲದ ಬಳಕೆ ಮತ್ತು ನೀಲಗಿರಿ ತೋಪುಗಳ ಕಡೆ ಬೆರಳು ಮಾಡಿತು.

ಆಮೇಲೆ ಎರಡು ಕಡೆಯಿಂದ ನೀರು ಬಂತು. ಒಂದು ಆಕಾಶದಿಂದ. 2021ರ ನವೆಂಬರಿನ ಮಳೆ, ಅದರ ಬೆನ್ನಿಗೆ 2022ರದು. ದಶಕಗಳ ಬಳಿಕ ಹೆಸರಘಟ್ಟ ಕೋಡಿ ಹರಿಯಿತು. ಇನ್ನೊಂದು ಪೈಪಿನಿಂದ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರನ್ನು, ದಿನಕ್ಕೆ 21 ಕೋಟಿ ಲೀಟರ್ ಗುರಿಯಿಟ್ಟು, ಬೆಂಗಳೂರು ನಗರ, ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರದ 65 ಕೆರೆಗಳಿಗೆ ಹರಿಸಲು ಹೊರಟಿತು. ಒಣಗಿ ಬಿರಿದು ಬಿಲವಾಗಿ ಕಾಡಾಗಿದ್ದ ಏರಿಗಳ ಮೇಲೆ ಒಮ್ಮೆಲೇ ನೀರಿನ ಭಾರ ಬಿತ್ತು. ಮಣ್ಣಿನ ಕಟ್ಟೆಗೆ ಅತ್ಯಂತ ಅಪಾಯದ ಘಳಿಗೆ ಅದರ ಮೊದಲ ತುಂಬುವಿಕೆ ಎಂಬುದು ಈ ವಿದ್ಯೆಯ ಅಆಇಈ. ಇಪ್ಪತ್ತು ವರ್ಷ ಒಣಗಿದ್ದ ಏರಿಗೆ ಇದೂ ಒಂದು ಮೊದಲ ತುಂಬುವಿಕೆಯೇ. ಕೋಡಿಗೆ ಬಾಗಿನ ಕೊಡಲು ಊರೆಲ್ಲ ಸೇರಿತು. ಏರಿಯ ಹಿಂಬದಿಗೆ ಇಳಿದು ಬುಡ ನೋಡಿದವರು ವಿರಳ.

ಬಂದ ನೀರು ಎಲ್ಲ ಕಡೆ ಬೇಕಾದ ನೀರೂ ಅಲ್ಲ. ದೊಡ್ಡತುಮಕೂರು, ಮಜರಾಹೊಸಹಳ್ಳಿ ಪಂಚಾಯತಿಗಳ ಜನ ತಮ್ಮ ಕೆರೆಗಳಿಗೆ ಬಂದು ಸೇರುವ ನಗರದ ಒಳಚರಂಡಿ ಮತ್ತು ಕಾರ್ಖಾನೆಗಳ ಕೊಳಚೆಯ ವಿರುದ್ಧ ವರ್ಷಗಳಿಂದ ಹೋರಾಡುತ್ತಿದ್ದಾರೆ. ಮೂಗು ಮುಚ್ಚಿಕೊಂಡು ದಾಟಬೇಕಾದ ಕೆರೆಯ ಏರಿಯನ್ನು ಪ್ರೀತಿಯಿಂದ ಕಾಯಿರಿ ಎಂದು ಅವರಿಗೆ ಹೇಳುವ ಮುಖ ಯಾರಿಗಿದೆ?

ಕರೆಯುವ ಅಧಿಕಾರ

ಊರಿನವರೇ ಎಂಜಿನಿಯರನ್ನು ಕರೆದುಕೊಂಡ ಉದಾಹರಣೆಗಳು ನಮ್ಮಲ್ಲೂ ಇಲ್ಲದಿಲ್ಲ. 2016ರಲ್ಲಿ ಶುರುವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ನಮ್ಮೂರು ನಮ್ಮ ಕೆರೆ’ಯಲ್ಲಿ ಮೊದಲು ಊರಿನ ಸಮಿತಿ, ಆಮೇಲೆ ಹಿಟಾಚಿ, ಸಂಸ್ಥೆಯ ಎಂಜಿನಿಯರು ಕೆಲಸ ನೋಡುತ್ತಾನೆ, ಮಣ್ಣು ಸಾಗಿಸುವುದು ರೈತರ ಪಾಲು. ಆನೇಕಲ್ ಕಡೆಯ ಕ್ಯಾಲಸನಹಳ್ಳಿ ಕೆರೆಯನ್ನು 2017ರಲ್ಲಿ ಕಂಪನಿಯ ಸಾಮಾಜಿಕ ಹೊಣೆಯ ಹಣದಲ್ಲಿ ತಿದ್ದಿದ ಆನಂದ್ ಮಲ್ಲಿಗವಾಡ ಮೆಕ್ಯಾನಿಕಲ್ ಎಂಜಿನಿಯರ್. ಕೆಲಸ ಬಿಟ್ಟು ಕೆರೆಗೇ ನಿಂತರು. ದೇವನಹಳ್ಳಿಯ ಸಿಹಿನೀರು ಕೆರೆ ನನಗೆ ಇನ್ನೂ ಕುತೂಹಲದ್ದು. ಕಣಿವೆ ಯೋಜನೆಯ ನೀರು ತುಂಬಿದ ಮೇಲೆ ಬಯೋಮ್ ಎನ್ವಿರಾನ್‌ಮೆಂಟಲ್ ಟ್ರಸ್ಟಿನ ತಂಡ ಪುರಸಭೆಯ ಜೊತೆ ಸೇರಿ ಕೆರೆ ಬದಿಯ ಹಳೆಯ ತೆರೆದ ಬಾವಿಗೆ ಜೀವ ತಂದು, ಇಂಗಿ ಬಂದ ನೀರನ್ನು ಶುದ್ಧೀಕರಿಸಿ ಊರಿಗೆ ಕೊಡುವ ಏರ್ಪಾಡು ಮಾಡಿತು. ಕೆರೆಯಿಂದ ನಲ್ಲಿಗೆ ನೇರ ನಂಟು ಬೆಳೆದರೆ, ಏರಿ ಸೋರಿದಾಗ ಪುರಸಭೆಗೆ ಫೋನ್ ಮಾಡುವವರೂ ಹುಟ್ಟುತ್ತಾರೆ.

ಆದರೆ ಇವೆಲ್ಲ ಒಂದು ಸಲದ ಕೆಲಸ. ಕಂಪನಿಯ ಹಣಕ್ಕೆ ಉದ್ಘಾಟನೆಯ ಫೋಟೊ ಬೇಕು, ಹೆಗ್ಗಣದ ಬಿಲ ಮುಚ್ಚಿದ್ದಕ್ಕೆ ಫೋಟೊ ಇಲ್ಲ. ನೆದರ್ಲೆಂಡಿನವರು ಇದನ್ನು 13ನೇ ಶತಮಾನದಲ್ಲೇ ಬಗೆಹರಿಸಿಕೊಂಡರು. ಅಲ್ಲಿಯ ಜಲಮಂಡಳಿಗಳು ಊರುಗಳ ಒಕ್ಕೂಟ, ತಮ್ಮದೇ ತೆರಿಗೆ, ತಮ್ಮದೇ ಚುನಾವಣೆ, ತಮ್ಮದೇ ಎಂಜಿನಿಯರುಗಳು. ಹಿಂದೆ ಅಲ್ಲೊಂದು ಕಟುವಾದ ಪದ್ಧತಿಯಿತ್ತು. ತನ್ನ ಪಾಲಿನ ಒಡ್ಡನ್ನು ಕಾಪಾಡಲಾಗದ ರೈತ ಅದರಲ್ಲಿ ಸಲಿಕೆ ನೆಟ್ಟು ಜಮೀನು ಬಿಟ್ಟು ಹೋಗಬೇಕು. ಸಲಿಕೆ ಕಿತ್ತವನಿಗೆ ಜಮೀನೂ ಹೊಣೆಯೂ ಸೇರುತ್ತಿತ್ತು. ನಮ್ಮ ಕೆರೆಗೊಡಗೆಯ ತರ್ಕವೇ, ತಲೆಕೆಳಗಾಗಿ.

ನಮ್ಮ ಗ್ರಾಮ ಪಂಚಾಯತಿಗೆ ಸಲಿಕೆ ನೆಡುವಷ್ಟು ಅಧಿಕಾರ ಬೇಡ. ಸಣ್ಣ ಕೆರೆಗಳ ಮೀನು ಹರಾಜಿನ ಹಣ ಪಂಚಾಯತಿಗೆ ಬರುತ್ತದೆ. ಸುತ್ತಮುತ್ತ ಗೋದಾಮು, ಲೇಔಟುಗಳಿಂದ ತೆರಿಗೆ ಬರುತ್ತದೆ. ಅವುಗಳ ಚಾವಣಿಯ ನೀರೇ ಕೋಡಿಗೆ ಭಾರ. ಒಂದೇ ಸರಪಳಿಯ ಹತ್ತು ಹದಿನೈದು ಕೆರೆಗಳ ಪಂಚಾಯತಿಗಳು ಸೇರಿ ಒಬ್ಬ ಸಿವಿಲ್ ಎಂಜಿನಿಯರು ಮತ್ತು ಕೆರೆಗೊಬ್ಬ ಸಂಬಳದ ನೀರುಗಂಟಿಯನ್ನು ನೇಮಿಸಿಕೊಳ್ಳಲು ದುಡ್ಡಿಗಿಂತ ಹೆಚ್ಚಾಗಿ ಬೇಕಾದದ್ದು ಒಂದು ಸರ್ಕಾರಿ ಆದೇಶ. ಜಿಲ್ಲೆಯ ಗಡಿ, ಇಲಾಖೆಯ ಗಡಿ ನೋಡದೆ ನೀರಿನ ಗಡಿ ನೋಡಿ ಬರೆದ ಆದೇಶ. 2025ರಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಈ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂಬ ಹೆಸರು ಒಪ್ಪಿತು. ಅರ್ಕಾವತಿ, ಪಿನಾಕಿನಿ ಹುಟ್ಟುವ ಬೆಟ್ಟದ ಮೇಲೆ ಕೂತು ಹೆಸರಿನ ವಿಚಾರ ಮುಗಿದ ಮೇಲೆ ಏರಿಯ ವಿಚಾರಕ್ಕೂ ಹೊತ್ತಿತ್ತು.

ಅಂಥ ಎಂಜಿನಿಯರು ನಾಳೆಯೇ ಬಂದನೆನ್ನಿ. ಅವನು ಮೊದಲು ಕೇಳುವುದು ಕೆರೆಯ ನೀರನ್ನು ಇಳಿಸಿ ಎಂದು. ಒಳಮೈಯ ಕಲ್ಲು, ತೂಬಿನ ಬುಡ, ಏಡಿ ಬಿಲ ಎಲ್ಲ ನೀರು ಇಳಿದಾಗಲೇ ಕಾಣುವುದು. ಹಿಂದೆ ಅದನ್ನು ಏಪ್ರಿಲ್, ಮೇ ತಿಂಗಳು ತಾವಾಗಿಯೇ ಮಾಡುತ್ತಿದ್ದವು. ಪೈಪಿನಲ್ಲಿ ನೀರು ತುಂಬುವ ಕೆರೆಗಳು ಬೇಸಿಗೆಯಲ್ಲೂ ಇಳಿಯುವುದಿಲ್ಲ. ತೂಬು ಎತ್ತೋಣವೆಂದರೆ ಆ ನೀರು ಇಂಗಲಷ್ಟೇ ಇರುವುದು, ನೇರವಾಗಿ ಹೊಲಕ್ಕೆ ಬಿಡಬಾರದೆಂಬ ನಿಯಮದಿಂದ ತೂಬುಗಳು ಮುಚ್ಚಿವೆ. ಎಷ್ಟೋ ಕಡೆ ಬಿರಡೆ ತುಕ್ಕು ಹಿಡಿದು ಕೂತಿದೆ. ಹಾಗಾಗಿ ಅವನ ಮೊದಲ ಕೆಲಸ ಏರಿಯ ಮೇಲಲ್ಲ, ಸಣ್ಣ ನೀರಾವರಿ ಇಲಾಖೆಯ ಕಚೇರಿಯಲ್ಲಿ: ಎರಡು ವರ್ಷಕ್ಕೊಮ್ಮೆ, ಸರದಿಯ ಮೇಲೆ, ಮೇ ತಿಂಗಳಲ್ಲಿ ಪೈಪು ನಿಲ್ಲಿಸಿ ಒಂದೊಂದು ಕೆರೆಯ ತೂಬು ತೆರೆಯಲು ಲಿಖಿತ ಅನುಮತಿ ಪಡೆಯುವುದು.